ಜಿಲ್ಲಾ ಪಕ್ಷಿ ದಡದಲ್ಲೇ ಉಳಿದಿದೆ, ವರ್ಷಕ್ಕೊಂದು ಬೋಟು ಬಿಡಿ

ಕಾಸರಗೋಡು ಜಿಲ್ಲಾ ಪಂಚಾಯತಿನ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ಮಾನ್ಯರೇ,

ನಮ್ಮ ಜಿಲ್ಲೆಗೆ ಒಂದು ಹಕ್ಕಿಯನ್ನು ಕೊಟ್ಟದ್ದು ನಿಮ್ಮ ಪಂಚಾಯತು. ಊರಿಗೆ ಹೆಸರು ಬಂದದ್ದೇ ಇದರಿಂದ ಎಂದು ಹಿರಿಯರು ಹೇಳುವ ಕಾಸರಕನ ಮರ, ಚಂದ್ರಗಿರಿ ಹೊಳೆಯ ಹೊಯಿಗೆಯಲ್ಲಿ ಹೂತು ಕೂರುವ ಮೆದುಚಿಪ್ಪಿನ ದೈತ್ಯ ಆಮೆ, ಪೆರಿಯದ ಪೊಲತ್ತಾಳಿ ಹೂವು, ಜಿಲ್ಲೆಯ ಗುರುತುಗಳಾದ ಇವುಗಳ ಸಾಲಿಗೆ ಬಿಳಿಹೊಟ್ಟೆಯ ಕಡಲ ಹದ್ದನ್ನೂ ಸೇರಿಸಿದಿರಿ. ಸುದ್ದಿ ಓದಿದ ದಿನ ನನಗೆ ನಿಜಕ್ಕೂ ಖುಷಿಯಾಯಿತು. ನವಿಲು, ಗಿಳಿ ಎಂದು ಕಣ್ಣಿಗೆ ಚೆಂದ ಕಂಡದ್ದಕ್ಕೆ ಕೈ ಎತ್ತಿ ಎದ್ದುಹೋಗದೆ, ಕಡಲಿನ ಹಕ್ಕಿಯೊಂದನ್ನು ಆರಿಸುವ ಬುದ್ಧಿ ಒಂದು ಸರಕಾರಿ ಸಭೆಗೆ ಹೊಳೆಯಿತಲ್ಲ ಎಂದು.

ಆದರೆ ಆ ಹದ್ದು ಗೂಡು ಕಟ್ಟುವುದು ದಡದ ದೊಡ್ಡ ಮರದಲ್ಲಿ, ಕಾವು ಎಂಬ ದೇವರಕಾಡುಗಳಲ್ಲಿ, ಯಾರದೋ ಹಿತ್ತಲ ತುದಿಯಲ್ಲಿ. ಹೊಟ್ಟೆಪಾಡಿಗೆ ಕಡಲಿಗೆ ಹೋಗುತ್ತದೆ, ಹೊತ್ತು ಮುಳುಗುವಾಗ ಮನೆಗೆ ಬರುತ್ತದೆ, ನಮ್ಮ ಹಾಗೆಯೇ. ಅದರಿಂದಾಚೆ, ದಡವೇ ಕಾಣದ ನೀರಿನ ಮೇಲೆ ವರ್ಷದ ಬಹುಪಾಲು ಕಳೆಯುವ ಹಕ್ಕಿಗಳಿವೆ. ಅವೂ ನಮ್ಮ ಜಿಲ್ಲೆಯ ಎದುರಲ್ಲೇ ಇವೆ. ಅವುಗಳನ್ನು ನೋಡಲು ವರ್ಷಕ್ಕೆ ಒಂದೇ ಒಂದು ಬೋಟು ಕಾಸರಗೋಡಿನ ಬಂದರಿನಿಂದ ಹೊರಡುವಂತೆ ಮಾಡಿಕೊಡಿ. ಕೇಳುವುದು ಇಷ್ಟೇ. ಇಷ್ಟಕ್ಕೆ ಇಷ್ಟುದ್ದದ ಪತ್ರ ಏಕೆ ಬೇಕಾಯಿತು ಎಂಬುದು ಮುಂದೆ ಗೊತ್ತಾಗುತ್ತದೆ.

ಪರರ ಅರ್ಜಿ ಬರೆದು ಹೊಟ್ಟೆ ಹೊರೆಯುವವನು ನಾನು. ಕಚೇರಿಗಳ ಎದುರಿನ ಒಂದು ಜಗಲಿಯಲ್ಲಿ ನನ್ನ ಮೇಜು. ಮಲಯಾಳ ಓದಲು ಬಾರದ ಕನ್ನಡದವರಿಗೆ, ತುಳುವರಿಗೆ ಪಿಂಚಣಿ, ರೇಶನ್ ಕಾರ್ಡು, ಪೋಕುವರವು ಎಂಬ ಜಮೀನಿನ ಖಾತೆ ಬದಲಾವಣೆ, ದೋಣಿಯ ಲೈಸೆನ್ಸು ಎಂದು ಫಾರಂ ತುಂಬಿಕೊಡುವುದು ಇಪ್ಪತ್ತೆರಡು ವರ್ಷಗಳ ಕಸುಬು. ಈ ಪತ್ರ ಮಾತ್ರ ಕನ್ನಡದಲ್ಲೇ ಇದೆ. ನಮ್ಮಂಥ ಗಡಿಯವರು ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದೆಂದು 1969ರ ಕೇರಳ ಆಡಳಿತ ಭಾಷಾ ಕಾಯ್ದೆಯೇ ಹೇಳಿದೆ. ದಿನವೂ ಇತರರಿಗೆ ಹೇಳುವ ಮಾತನ್ನು ಒಮ್ಮೆ ನಾನೂ ನಡೆಸಿ ನೋಡುತ್ತೇನೆ.

ಹಕ್ಕಿಯ ಹುಚ್ಚು ನನಗೆ ಹತ್ತಿದ್ದು ಒಂದು ರಟ್ಟಿನ ಪೆಟ್ಟಿಗೆಯಿಂದ. ಜುಲೈ ತಿಂಗಳು, ಎರಡು ದಿನದಿಂದ ಬಿಡದ ಗಾಳಿಮಳೆ. ನೆಲ್ಲಿಕುಂಜೆ ಕಡೆಯ ಇಬ್ಬರು ಹುಡುಗರು ಬಿಸ್ಕತ್ತಿನ ಪೆಟ್ಟಿಗೆಯೊಂದನ್ನು ತಂದು ನನ್ನ ಮೇಜಿನ ಮೇಲೆಯೇ ಇಟ್ಟರು. ಒಳಗೆ ಬಾತುಕೋಳಿಗಿಂತ ದೊಡ್ಡ ಹಕ್ಕಿ. ಮೈಯೆಲ್ಲ ಬಿಳಿ, ರೆಕ್ಕೆಯ ಅಂಚು ಕಪ್ಪು, ಕೊಕ್ಕಿನ ಬುಡದಲ್ಲಿ ಮಸಿ ಬಳಿದ ಹಾಗೆ ಮುಖ, ಕೊಕ್ಕೋ ಹಲಸಿನಕಾಯಿ ಕೊಯ್ಯುವ ಕತ್ತಿಯಷ್ಟು ಗಟ್ಟಿ. ಎಲ್ಲಿಯೂ ಗಾಯವಿಲ್ಲ. ಆದರೆ ಎದೆ ಮುಟ್ಟಿದರೆ ಎಲುಬು ಕೈಗೆ ತಾಗುತ್ತಿತ್ತು.

“ಇದನ್ನು ಯಾವ ಆಫೀಸಿಗೆ ಕೊಡುವುದು ಅಣ್ಣ?” ಎಂದು ಕೇಳಿದರು.

ಯಾವ ಕಾಗದ ಯಾವ ಮೇಜಿಗೆ ಹೋಗುತ್ತದೆಂದು ಗೊತ್ತಿರುವವ ನಾನೊಬ್ಬನೇ ಎಂದು ಅವರ ನಂಬಿಕೆ. ನನಗೂ ಗೊತ್ತಿರಲಿಲ್ಲ. ಜಗಲಿಯಲ್ಲಿದ್ದವರೆಲ್ಲ ಒಂದೊಂದು ಹೇಳಿದರು. ಬೂತಾಯಿ ಮೀನು ತಿನ್ನಿಸು ಎಂದರು ಒಬ್ಬರು. ತಿನ್ನಲಿಲ್ಲ. ವಾಪಸ್ ಕಡಲಿಗೇ ಬಿಟ್ಟುಬಿಡು, ಅದರ ಮನೆ ಅದೇ ಅಲ್ಲವಾ ಎಂದರು ಇನ್ನೊಬ್ಬರು. ಸಾಂಬಾರಿನ ಮಾತೂ ಬಂತು, ಅದನ್ನು ಬಿಡಿ. ರಾತ್ರಿ ಪೆಟ್ಟಿಗೆ ನಮ್ಮ ಮನೆಯ ಬಚ್ಚಲು ಕೋಣೆಯಲ್ಲಿತ್ತು. ಬೆಳಗ್ಗೆ ನೋಡುವಾಗ ಹಕ್ಕಿ ಇರಲಿಲ್ಲ, ಅದರ ದೇಹ ಇತ್ತು.

ಫೋಟೊ ಅಲ್ಲಿ ಇಲ್ಲಿ ಕಳಿಸಿದ ಮೇಲೆ ಕಣ್ಣೂರಿನ ಹಕ್ಕಿ ನೋಡುವವರೊಬ್ಬರು ಹೆಸರು ಹೇಳಿದರು: ಮಾಸ್ಕ್‌ಡ್ ಬೂಬಿ. ನಡುಗಡಲ ದ್ವೀಪಗಳಲ್ಲಿ ಮರಿ ಮಾಡುವ ಹಕ್ಕಿ. ಮಳೆಗಾಲದ ಪಡುಗಾಳಿಗೆ ಸಿಕ್ಕಿ, ಮೀನು ಸಿಗದೆ ಬಳಲಿ, ಹೀಗೆ ನಮ್ಮ ಕರಾವಳಿಗೆ ಬಂದು ಬೀಳುತ್ತದಂತೆ. ದಡದಲ್ಲಿ ಸುಮ್ಮನೆ ಕೂತ ಇಂಥ ಹಕ್ಕಿ ದಣಿವಾರಿಸಲು ಬಂದದ್ದಲ್ಲ, ಸೋತು ಬಿದ್ದದ್ದು. ಅದನ್ನು ಅಲೆಗೆ ಎಸೆದರೆ ಮುಳುಗಿಸಿದ ಹಾಗೆ. ಒಣಗಿದ ಜಾಗ, ಕತ್ತಲೆ, ಸದ್ದಿಲ್ಲದ ಮೂಲೆ, ಬೇಗನೆ ಒಬ್ಬ ಪಶುವೈದ್ಯರು, ಇವಿಷ್ಟು ಸಿಕ್ಕಿದರೆ ಬದುಕುವ ಸಾಧ್ಯತೆ ಇರುತ್ತದೆ. ನಮ್ಮ ಬಚ್ಚಲು ಕೋಣೆಯಲ್ಲಿ ಒಣಗಿದ ಜಾಗವೂ ಇರಲಿಲ್ಲ.

ಆ ಕಣ್ಣೂರಿನವರೇ ಸೆಪ್ಟೆಂಬರಿನಲ್ಲಿ ಕರೆದರು: ಬೋಟಿನಲ್ಲಿ ಒಂದು ಜಾಗ ಇದೆ, ಬರುತ್ತೀರಾ?

ಇಲ್ಲಿ ಒಂದು ಮಾತನ್ನು ಗಮನಿಸಬೇಕು ಮಾರಾಯ್ರೆ. ನನ್ನ ಮನೆಯಿಂದ ಕಡಲಿಗೆ ಹತ್ತು ನಿಮಿಷದ ನಡಿಗೆ. ಆ ಕಡಲನ್ನು ನೋಡಲು ನಾನು ರೈಲು ಹತ್ತಿ, ಚಂದ್ರಗಿರಿ ದಾಟಿ, ಬೇಕಲ, ಕಾಞಂಗಾಡು, ನೀಲೇಶ್ವರ, ಪಯ್ಯನ್ನೂರು ಎಲ್ಲ ಬಿಟ್ಟು ಪಯಂಗಾಡಿಯಲ್ಲಿ ಇಳಿದು, ಪುದಿಯಂಗಾಡಿ ಬಂದರಿನ ಹತ್ತಿರ ಯಾರದೋ ಮನೆಯಲ್ಲಿ ಮಲಗಿ, ಕತ್ತಲಿರುವಾಗಲೇ ಎದ್ದು ಬೋಟು ಹತ್ತಬೇಕಾಯಿತು. ಕಣ್ಣೂರಿನವರು ವರ್ಷಗಳಿಂದ ಹೀಗೆ ಹೊರಡುತ್ತಿದ್ದಾರೆ. ಬಡಗಿನಲ್ಲಿ ಉಡುಪಿಯ ಕಡೆಯವರೂ ಮಲ್ಪೆಯಿಂದ ಹೋಗುತ್ತಾರೆ. ನಡುವೆ ನಾವು, ಎರಡು ಕಡೆಯವರೂ ಹಾದುಹೋಗುವ ಸ್ಟೇಷನ್ನಿನ ಹಾಗೆ.

ಮೊದಲ ಒಂದು ಗಂಟೆ ನಾನು ಹಕ್ಕಿ ನೋಡಲಿಲ್ಲ, ಬೋಟಿನ ಅಂಚಿಗೆ ಬಾಗಿ ನೀರನ್ನಷ್ಟೇ ನೋಡಿದೆ. ಹೊರಡುವ ಮೊದಲು ಧೈರ್ಯಕ್ಕೆಂದು ತಿಂದ ಪುಟ್ಟು-ಕಡಲೆಯಲ್ಲಿ ಕಡಲೆ ಕಡಲಿಗೇ ಸಂದಿತು. ಸ್ರಾಂಕ್, ಎಂದರೆ ನಮ್ಮಲ್ಲಿ ತಂಡೇಲ ಎನ್ನುತ್ತೇವಲ್ಲ ಅವರು, ಒಂದು ನಿಂಬೆಹಣ್ಣು ಕೊಟ್ಟು ಮೂಗಿಗೆ ಹಿಡಿದುಕೋ, ದೂರದ ಗೆರೆಯನ್ನು ನೋಡು ಎಂದರು. ಹೊಳೆಬಾಯಿಯ ಕೆಸರುನೀರು ಕಳೆಯಿತು, ಹಸಿರು ನೀರು ಬಂತು, ಅದೂ ಕಳೆದು ಇಪ್ಪತ್ತು ಮಾರು ಆಳ ದಾಟುವಾಗ ನೀರು ನೀಲಿಯಾಗುತ್ತ ಬಂತು. ಬೆನ್ನ ಹಿಂದೆ ಏಳಿಮಲೆಯ ಬೆಟ್ಟ ಮಂಜಿನಲ್ಲಿ ಕರಗಿತು. ಗರುಡ, ಕಾಗೆ, ಕಡಲಕಾಗೆ ಎಲ್ಲ ಹಿಂದೆಯೇ ಉಳಿದವು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಏನೂ ಇಲ್ಲದ ಕಡಲು ಎಷ್ಟು ದೊಡ್ಡದು ಎಂದು ಅವತ್ತು ನೋಡಿದೆ.

ಮೊದಲು ಸಿಕ್ಕಿದ್ದು ಮೀನಿನ ಪೆಟ್ಟಿಗೆಯಿಂದ ಒಡೆದ ಥರ್ಮೋಕೋಲಿನ ತುಂಡೊಂದರ ಮೇಲೆ ಜಮೀನ್ದಾರರಂತೆ ಕೂತಿದ್ದ ಬ್ರೈಡಲ್ಡ್ ಟರ್ನ್. ಟರ್ನ್‌ಗಳಿಗೆ ಕನ್ನಡದಲ್ಲಿ ರೀವ ಎನ್ನುತ್ತಾರೆ. ಬೆನ್ನು ಕರಿಗಂದು, ಹೊಟ್ಟೆ ಬಿಳಿ, ಹಣೆಯಿಂದ ಕಣ್ಣಿನ ಹಿಂದಕ್ಕೆ ಎಳೆದ ಬಿಳಿ ಪಟ್ಟಿ. ತೇಲುವ ಮರದ ತುಂಡು, ಆಮೆಯ ಬೆನ್ನು, ಏನು ಸಿಕ್ಕರೂ ಇದು ಏರಿ ಕೂರುತ್ತದೆ. ಮಹಾರಾಷ್ಟ್ರದ ವೆಂಗುರ್ಲಾ ಬಂಡೆಗಳಲ್ಲಿ ಇದರ ಜಾತಿ ಮರಿ ಮಾಡುತ್ತದೆ. ಒಂದು ಗಂಟೆಯೊಳಗೆ ಇಂಥ ಐವತ್ತಾದರೂ ಕಂಡವು.

ಆಮೇಲೆ ಬಂತು ನೋಡಿ. ಬೋಟಿನಿಂದ ಹತ್ತು ಅಡಿ ದೂರದಲ್ಲಿ, ಎರಡು ಅಲೆಗಳ ನಡುವಿನ ತಗ್ಗಿನಲ್ಲಿ, ಕಪ್ಪು ಚಿಟ್ಟೆಯ ಹಾಗೆ ಏನೋ. ಬಾಲದ ಬುಡದಲ್ಲಿ ಬಿಳಿ ಪಟ್ಟಿ. ರೆಕ್ಕೆ ಎತ್ತಿ ಹಿಡಿದು, ಕಡ್ಡಿಯಂಥ ಎರಡು ಕಾಲು ಇಳಿಬಿಟ್ಟು, ನೀರಿನ ಮೇಲೆ ತಟಪಟ ಹೆಜ್ಜೆ ಹಾಕುತ್ತಿತ್ತು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಾದ ನಮಗೆ ಹೋಲಿಕೆ ಹುಡುಕಬೇಕಾಗಿಲ್ಲ: ಮೊದಲ ಬಾರಿ ಗೆಜ್ಜೆ ಕಟ್ಟಿದ ಕೋಡಂಗಿ ವೇಷದ ಹುಡುಗ ರಂಗಸ್ಥಳಕ್ಕೆ ಬಂದ ಹಾಗೆಯೇ. ಮುಳುಗುವುದಿಲ್ಲ, ಹಾರುವುದೂ ಇಲ್ಲ, ನೀರಿನ ಮೇಲಿಂದ ಏನನ್ನೋ ಹೆಕ್ಕಿ ಹೆಕ್ಕಿ ತಿನ್ನುತ್ತದೆ. ಅಲೆ ಏರಿದರೆ ಅದರ ಜೊತೆ ಏರುತ್ತದೆ, ಇಳಿದರೆ ಇಳಿಯುತ್ತದೆ, ಒಂದು ಹನಿ ತಾಗಿಸಿಕೊಳ್ಳದೆ. ಬೈನಾಕ್ಯುಲರಿನಲ್ಲಿ ಬೆರಳುಗಳ ನಡುವಿನ ಹಳದಿ ಪೊರೆ ಕೂಡ ಒಮ್ಮೆ ಕಂಡಿತು. ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಎಂದರು. ತೂಕ 40 ಗ್ರಾಂ ಆಸುಪಾಸು. ನನ್ನ ಕೈಯಲ್ಲಿ ವಾಂತಿಗೆಂದು ಹಿಡಿದ ನಿಂಬೆಹಣ್ಣಿತ್ತಲ್ಲ, ಹೆಚ್ಚುಕಡಿಮೆ ಅಷ್ಟೇ. ಇದು ಮೊಟ್ಟೆಯಿಡುವುದು ಅಂಟಾರ್ಕ್ಟಿಕದ ಕರಾವಳಿಯ ಮತ್ತು ಸುತ್ತಲಿನ ದ್ವೀಪಗಳ ಕಲ್ಲುಸಂದಿಯಲ್ಲಿ. ಅಲ್ಲಿ ಚಳಿಗಾಲ ಬಂದಾಗ ಬಡಗಕ್ಕೆ ಹೊರಟು ಭೂಮಧ್ಯರೇಖೆ ದಾಟಿ ನಮ್ಮ ಕಡಲಿಗೆ ಬರುತ್ತದೆ. ನಾನು ನಿಂಬೆಹಣ್ಣನ್ನು ಕೈಯಲ್ಲಿ ಎತ್ತಿ ಎತ್ತಿ ನೋಡಿದೆ. ಪಕ್ಕದಲ್ಲಿದ್ದವರಿಗೆ ನನ್ನ ತಲೆ ಇನ್ನೂ ಸುತ್ತುತ್ತಿದೆ ಎಂದು ಕಂಡಿರಬೇಕು.

ಏಕೆ ಇಲ್ಲಿಗೇ ಬರುತ್ತವೆ ಎಂಬುದಕ್ಕೆ ಉತ್ತರ ನಮ್ಮ ಮೀನುಗಾರರ ಬಾಯಲ್ಲೇ ಇದೆ. ಮಳೆಗಾಲದ ಗಾಳಿಗೆ ಮೇಲ್ನೀರು ದಡದಿಂದ ಆಚೆ ಸರಿದು ಅಡಿಯ ತಣ್ಣೀರು ಮೇಲೇಳುತ್ತದೆ. ಅದರ ಸಾರಕ್ಕೆ ಕಡಲಿನ ಸೂಕ್ಷ್ಮ ಜೀವಿಗಳು ಹೆಚ್ಚುತ್ತವೆ, ಅವನ್ನು ತಿನ್ನಲು ಬೂತಾಯಿ ಬಂಗುಡೆ ಕಟ್ಟಿಕೊಂಡು ಬರುತ್ತವೆ. ನಮ್ಮ ಮೀನಿನ ಸಾರು ಮತ್ತು ಅಂಟಾರ್ಕ್ಟಿಕದ ಹಕ್ಕಿಯ ಊಟ ಎರಡಕ್ಕೂ ಒಲೆ ಒಂದೇ.

ಹತ್ತು ಗಂಟೆಯ ಹೊತ್ತಿಗೆ ಟ್ರಾಲ್ ಬೋಟೊಂದು ಬಲೆ ಎತ್ತುತ್ತಿತ್ತು. ಅದರ ಹಿಂದೆ ರೀವಗಳ ಸಂತೆ. ಆ ಸಂತೆಗೆ ಕಂದು ಬಣ್ಣದ ಸ್ಕುವಾ ಹಕ್ಕಿಯೊಂದು ನುಗ್ಗಿತು. ಇದು ತಾನಾಗಿ ಮೀನು ಹಿಡಿಯುವ ತೊಂದರೆ ತೆಗೆದುಕೊಳ್ಳುವುದು ಕಡಿಮೆ. ಮೀನು ಕಚ್ಚಿದ ರೀವವೊಂದನ್ನು ಆರಿಸಿ, ಅದು ಎಡಕ್ಕೆ ಹೊರಳಿದರೆ ಎಡಕ್ಕೆ, ಮೇಲೇರಿದರೆ ಮೇಲಕ್ಕೆ ಬೆನ್ನುಹತ್ತಿ ಅಟ್ಟಿತು. ಕೊನೆಗೆ ಪಾಪದ್ದು ಮೀನು ಬಿಟ್ಟುಬಿಟ್ಟಿತು. ಆ ಮೀನು ನೀರು ಮುಟ್ಟುವ ಮೊದಲೇ ಸ್ಕುವಾದ ಬಾಯಲ್ಲಿತ್ತು. ಕಚೇರಿಗಳ ಸುತ್ತ ಇಪ್ಪತ್ತೆರಡು ವರ್ಷ ಕಳೆದವನಿಗೆ ಈ ಕಸುಬು ಹೊಸದಾಗಿ ಕಾಣಲಿಲ್ಲ.

ಮತ್ತೂ ಕಂಡೆವು. ಪಶ್ಚಿಮ ಆಸ್ಟ್ರೇಲಿಯಾದ ಕಡೆಯ ದ್ವೀಪಗಳಲ್ಲಿ ಹುಟ್ಟುವ, ನಸುಗೆಂಪು ಕಾಲಿನ ಶಿಯರ್‌ವಾಟರ್ ರೆಕ್ಕೆ ಬಡಿಯದೆ ಅಲೆಯ ನೆತ್ತಿ ಸವರಿಕೊಂಡು ಹೋಯಿತು. ಕುಡಿದ ಉಪ್ಪುನೀರಿನ ಉಪ್ಪನ್ನು ಮೂಗಿನ ನಳಿಗೆಯಿಂದ ಹೊರಹಾಕುವ ಕುಲ ಅದು. ನೊರೆ ಮತ್ತು ಕಸ ಕೂಡಿ ಹರಿಯುವ ಗೆರೆಯಲ್ಲಿ ಬುಗುರಿಯಂತೆ ತಮ್ಮ ಸುತ್ತ ತಾವೇ ತಿರುಗುತ್ತ ಏನನ್ನೋ ಹೆಕ್ಕುತ್ತಿದ್ದ ಫಲರೋಪ್‌ಗಳು ಕಂಡವು. ಅವು ಹುಟ್ಟುವುದು ಉತ್ತರ ಧ್ರುವದ ಹತ್ತಿರದ ಬಯಲಿನಲ್ಲಿ. ಭೂಮಿಯ ಎರಡು ತುದಿಯವು ಒಂದೇ ಬೆಳಗ್ಗೆ, ಒಂದೇ ಬೋಟಿನ ಬಲಕ್ಕೂ ಎಡಕ್ಕೂ.

ಆ ಬೋಟಿನಲ್ಲಿ ಕೆಲಸಕ್ಕಿದ್ದ ಹಿರಿಯರೊಬ್ಬರು ನಮ್ಮ ಕುಂಬಳೆಯವರು. ನಾನು ತುಳುವಿನಲ್ಲಿ ಮಾತಾಡಿಸಿದ್ದೇ ತಡ, ಬಾಯಿ ಬಿಟ್ಟರು. “ಪಕ್ಕಿ ಬೂರಿನಲ್ಪ ಮೀನ್ ಉಂಡು” ಎಂದರು, ಹಕ್ಕಿ ಬಿದ್ದಲ್ಲಿ ಮೀನಿದೆ ಎಂದು. ಹಕ್ಕಿ ಎತ್ತರದಿಂದ ಬೀಳುತ್ತಿದ್ದರೆ ಹೇಗೆ, ನೀರು ಸವರುತ್ತಿದ್ದರೆ ಹೇಗೆ, ಮೀನು ಎಷ್ಟು ಆಳದಲ್ಲಿದೆ ಎಂದು ಅದರಿಂದಲೇ ಅಂದಾಜು ಮಾಡುತ್ತಿದ್ದರಂತೆ. ಈಗ ಹುಡುಗರು ಸೋನಾರ್ ನೋಡುತ್ತಾರೆ ಎಂದರು, ದೂರಿನ ಸ್ವರದಲ್ಲೇನೂ ಅಲ್ಲ. ರಾತ್ರಿ ಬೋಟಿನ ಲೈಟಿಗೆ ಸಣ್ಣ ಕರಿಹಕ್ಕಿ ಬಂದು ಬೀಳುವುದುಂಟು, ಕೈಗೆತ್ತಿಕೊಂಡರೆ ಒಂದು ಬಗೆಯ ಹಳೇ ಎಣ್ಣೆಯ ವಾಸನೆ, ಕಡಲ ದೈವ ಬೊಬ್ಬರ್ಯನ ಹೆಸರು ಹೇಳಿ ಕತ್ತಲೆ ಬದಿಗೆ ಬಿಟ್ಟುಬಿಡುತ್ತೇವೆ ಎಂದರು. ಪೆಟ್ರೆಲ್ ಹಕ್ಕಿಗೆ ಅಂಥ ವಾಸನೆ ಇರುವುದು ನಿಜ ಎಂದು ನಮ್ಮ ಜೊತೆಯಿದ್ದ ತಿಳಿದವರು ಹೇಳಿದರು. ಇದನ್ನೆಲ್ಲ ಯಾರಾದರೂ ಬರೆದುಕೊಂಡಿದ್ದಾರಾ ಎಂದು ಕೇಳಿದೆ. “ನಮ್ಮನ್ನು ಕೇಳಿದ್ದು ಯಾರು?” ಎಂದರು.

ಊರಿಗೆ ಬಂದವನೇ, ಇದನ್ನು ನಮ್ಮ ಬಂದರಿನಿಂದಲೇ ಮಾಡೋಣ ಎಂದು ಹೊರಟೆ. ಅರ್ಜಿ ಬರೆಯುವುದು ನನಗೆ ದೊಡ್ಡ ವಿಷಯವೇ? ಮೊದಲ ಕಚೇರಿಯಲ್ಲಿ “ಎಷ್ಟು ಮೀನು ಹಿಡಿಯುತ್ತೀರಿ?” ಎಂದು ಕೇಳಿದರು. ಮೀನಲ್ಲ, ಹಕ್ಕಿ ಎಂದೆ. ಹಕ್ಕಿ ಹಿಡಿಯುವುದು ಅಪರಾಧ ಎಂದರು. ಹಿಡಿಯುವುದಲ್ಲ, ನೋಡುವುದು ಎಂದೆ. ನೋಡುವುದಕ್ಕೆ ಅನುಮತಿ ಏಕೆ, ದಡದಲ್ಲಿ ನಿಂತು ನೋಡಿ ಎಂದರು. ಎರಡನೆಯ ಕಚೇರಿ, ಮೀನುಗಾರಿಕೆಯ ಲೈಸೆನ್ಸಿರುವ ಬೋಟಿನಲ್ಲಿ ಬೇರೆ ಜನ ಹೋಗುವಂತಿಲ್ಲ ಎಂದಿತು. ಜನರ ಜೀವದ ಪ್ರಶ್ನೆ, ಅದರಲ್ಲಿ ತಪ್ಪಿಲ್ಲ. ಹಾಗಾದರೆ ಎಂಥ ಬೋಟು, ಯಾರ ಒಪ್ಪಿಗೆ ಎಂದು ಕೇಳಿದ್ದಕ್ಕೆ ಮೂರನೆಯ ಕಚೇರಿ ತೋರಿಸಿದರು. ಮೂರನೆಯದರಲ್ಲಿ ಹಕ್ಕಿ ನಮ್ಮದು, ಕಡಲು ನಮ್ಮದಲ್ಲ ಎಂದರು. ನಾಲ್ಕನೆಯದು ಪ್ರವಾಸವಾದರೆ ನಮ್ಮಲ್ಲಿ ಬನ್ನಿ ಎಂದು ಕರೆದು, ತಲೆಗೆ ಇಷ್ಟು ಎಂದು ದರಪಟ್ಟಿ ಕೇಳಿತು. ಯಾರೂ ಕೆಟ್ಟವರಲ್ಲ. ಒಬ್ಬರಂತೂ ಚಹಾ ಕೊಟ್ಟರು. ಆದರೆ ಒಂದು ವರ್ಷ ಕಳೆದ ಮೇಲೂ ನನ್ನ ಅರ್ಜಿ ಆ ಥರ್ಮೋಕೋಲಿನ ಮೇಲಿನ ರೀವದ ಹಾಗೆ ತೇಲುತ್ತಲೇ ಇದೆ.

ಇದೇನು ಹವ್ಯಾಸಿಗಳ ಚಪಲ, ಇದಕ್ಕೆ ಇಷ್ಟು ಗಲಾಟೆಯೇ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. 2025ರ ಮೇ 25ರಂದು ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಹಡಗು 600ಕ್ಕೂ ಮಿಕ್ಕಿ ಕಂಟೇನರುಗಳೊಂದಿಗೆ ಮುಳುಗಿದ್ದನ್ನು ನೆನಪಿಸಿಕೊಳ್ಳಿ. ತೆಂಕಣ ಕೇರಳದ ದಡಗಳಲ್ಲಿ ಪ್ಲಾಸ್ಟಿಕ್ಕಿನ ಬಿಳಿ ಕಾಳುಗಳನ್ನು ಜನ ಜರಡಿ ಹಿಡಿದು ಸೋಸಬೇಕಾಯಿತು. ಹದಿನೈದೇ ದಿನಕ್ಕೆ, ಜೂನ್ 9ರಂದು, ವಾನ್ ಹೈ 503 ಹಡಗು ನಮ್ಮ ಬಡಗು ಕೇರಳದ ಕಡಲಿನಲ್ಲೇ ಹೊತ್ತಿ ಉರಿಯಿತು. ಮೀನುಗಾರರಿಗೆ ಆದ ನಷ್ಟದ ಲೆಕ್ಕ ಬಂತು, ಬರಲೇಬೇಕು. ಹಕ್ಕಿಗಳಿಗೆ ಏನಾಯಿತು ಎಂದು ಕೇಳಿದರೆ? ಮೊದಲು ಎಷ್ಟಿದ್ದವು ಎಂದು ಬರೆದಿಟ್ಟಿದ್ದರಲ್ಲವೇ, ಎಷ್ಟು ಹೋದವು ಎಂದು ಹೇಳುವುದು? ನಾನು ಹೇಳಿದ ಆ ನಸುಗೆಂಪು ಕಾಲಿನ ಶಿಯರ್‌ವಾಟರ್ ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದಲ್ಲೂ ಮರಿ ಮಾಡುತ್ತದೆ. ಅಲ್ಲಿ ಮರಿಗಳ ಹೊಟ್ಟೆ ತುಂಬ ಪ್ಲಾಸ್ಟಿಕ್ ಸಿಕ್ಕಿದ್ದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ. ಬಿಳಿ ಕಾಳು ನೀರಿನ ಮೇಲೆ ತೇಲುವಾಗ ಮೀನಿನ ಮೊಟ್ಟೆಯ ಹಾಗೆಯೇ ಕಾಣುತ್ತದೆ.

ನೆಲದ ಹಕ್ಕಿಗಳ ವಿಷಯದಲ್ಲಿ ಈ ರಾಜ್ಯ ಹಿಂದೆ ಬಿದ್ದಿಲ್ಲ. 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಊರೂರು ತಿರುಗಿ ಕೇರಳದ ಪಕ್ಷಿ ಅಟ್ಲಾಸ್ ತಯಾರಿಸಿದರು. ಇಡೀ ರಾಜ್ಯದ ಮಟ್ಟದಲ್ಲಿ ಜನರೇ ಸೇರಿ ಮಾಡಿದ ಅಂಥ ಕೆಲಸ ನಮ್ಮ ದೇಶದಲ್ಲಿ ಅದೇ ಮೊದಲು. ಆದರೆ ಅದರ ಚೌಕಗಳು ಬಿದ್ದದ್ದು ನೆಲದ ಮೇಲೆ. ಮುಂದಿನದು ಉಪ್ಪುನೀರು, ಅಲ್ಲಿಗೆ ಕಾಲುನಡಿಗೆ ಸಾಗದು.

ಹಕ್ಕಿಗೆ ನಮ್ಮ ಗಡಿ ಗೊತ್ತಿಲ್ಲ ಎಂಬುದು ಸವೆದ ಮಾತು, ಅದನ್ನು ನಾನು ಹೇಳುವುದಿಲ್ಲ. ಆದರೆ ಒಂದು ಹಳೆಯ ಕಾಗದದ ನೆನಪು ಮಾಡುತ್ತೇನೆ. 1956ರ ನವೆಂಬರ್ 1ಕ್ಕೆ ಮೊದಲು ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ದ್ವೀಪಗಳೂ ನಮ್ಮ ಕಾಸರಗೋಡು ತಾಲೂಕೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದವು. ನಡುವಿನ ಅಷ್ಟೂ ಕಡಲು ಒಂದೇ ಕಲೆಕ್ಟರರ ಕಚೇರಿಯ ನಕಾಶೆಯಲ್ಲಿತ್ತು. ದ್ವೀಪಗಳು ಒಂದು ಕಡೆ ಹೋದವು, ಮಂಗಳೂರು ಇನ್ನೊಂದು ಕಡೆ, ನಾವು ಮತ್ತೊಂದು ಕಡೆ. ಈಗಲೂ ನಮ್ಮ ದೋಣಿಗಳಿಗೆ ಟ್ರಾಲಿಂಗ್ ನಿಷೇಧ ಜೂನ್ 9ರ ನಡುರಾತ್ರಿಯಿಂದ 52 ದಿನ, ಗಡಿಯ ತಲಪಾಡಿಯಿಂದ ಆಚೆ ಕರ್ನಾಟಕದವರಿಗೆ ಜೂನ್ 1ರಿಂದಲೇ 61 ದಿನ. ಎರಡೂ ಮುಗಿಯುವುದು ಜುಲೈ 31ಕ್ಕೆ, ಅದೊಂದು ಸಮಾಧಾನ. ಕವರತ್ತಿಯ ಹತ್ತಿರದ ಪಿಟ್ಟಿ ಎಂಬ ಮರಳುದಿಣ್ಣೆಯಲ್ಲಿ ಇಂದಿಗೂ ಸಾವಿರಾರು ರೀವಗಳು ಮೊಟ್ಟೆಯಿಡುತ್ತವೆ. ಆ ನೆರೆಯವರು ನಮ್ಮೆದುರಿನ ನೀರಿಗೆ ಬಂದು ಹೋಗುತ್ತಾರೋ ಎಂದು ನೋಡುವ ಕುತೂಹಲವಾದರೂ ನಮಗೆ ಬೇಡವೇ?

ಈಗ ಕೆಲಸದ ಮಾತು. ನನ್ನ ಅರ್ಜಿಗೆ ಕಚೇರಿ ಇಲ್ಲ ಎಂಬುದೇ ತೊಡಕಾದರೆ, ಕಚೇರಿ ನಿಮ್ಮಲ್ಲೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳಿಗೆ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರವರ ತಿಳಿವಳಿಕೆಯನ್ನು ಬರೆದಿಡುವ ದಾಖಲೆ ಪುಸ್ತಕ ಇರಬೇಕು. ಹದ್ದು, ಆಮೆ, ಹೂವುಗಳ ಆಯ್ಕೆ ಕೂಡ ಇಂಥ ಚಿಂತನೆಯಿಂದಲೇ ಬಂದದ್ದಲ್ಲವೇ? ಬೋಟಿನ ಪ್ರಯಾಣವನ್ನು ಆ ಸಮಿತಿಯ ಕೆಲಸವೆಂದು ಒಂದು ಸಾಲಿನ ತೀರ್ಮಾನ ಮಾಡಿ. ಜನರನ್ನು ಒಯ್ಯಲು ಒಪ್ಪಿಗೆಯಿರುವ ಬೋಟು ಯಾವುದೆಂದು ನೀವೇ ಗೊತ್ತುಮಾಡಿ, ಕರಾವಳಿ ಪೊಲೀಸರಿಗೂ ಮೀನುಗಾರಿಕೆಯವರಿಗೂ ನಿಮ್ಮ ತಲೆಬರಹದ ಕಾಗದದಲ್ಲೇ ತಿಳಿಸಿ. ಡೀಸೆಲ್ ಖರ್ಚು ನಾವು ಹಾಕಿಕೊಳ್ಳುತ್ತೇವೆ. ಲೈಫ್ ಜಾಕೆಟ್ಟಿಲ್ಲದೆ ಒಬ್ಬರೂ ಹತ್ತುವುದಿಲ್ಲ. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟರೆ ಮನೆಯಲ್ಲೇ ಕೂರುತ್ತೇವೆ. ಹದಿನೈದು ಜನ ಸಾಕು. ಅದರಲ್ಲಿ ಇಬ್ಬರಾದರೂ ಹಳೆಯ ಮೀನುಗಾರರಿರಲಿ, ನೋಡಲು ಬಂದವರಾಗಿ ಅಲ್ಲ, ತೋರಿಸುವವರಾಗಿ, ದಿನದ ಕೂಲಿ ಕೊಟ್ಟು. ಗಂಟೆಗೊಮ್ಮೆ ಎಣಿಸಿದ್ದನ್ನು, ಅವರು ಹೇಳಿದ್ದನ್ನು, ಕನ್ನಡ ಮಲಯಾಳ ಎರಡರಲ್ಲೂ ಬರೆದು ನಿಮ್ಮ ಪುಸ್ತಕಕ್ಕೆ ಸೇರಿಸುವ ಕೆಲಸ ನನ್ನದು. ಅದಕ್ಕೆ ಬರವಣಿಗೆಯ ದರ ಇಲ್ಲ.

ಹಾಗೇ, ಮಳೆಗಾಲಕ್ಕೆ ಮೊದಲು ಮಂಜೇಶ್ವರದಿಂದ ವಲಿಯಪರಂಬದವರೆಗೆ ಮೀನು ಇಳಿಸುವ ಜಾಗಗಳಲ್ಲಿ ಒಂದೊಂದು ಬೋರ್ಡು: ಬಳಲಿ ಬಿದ್ದ ಹಕ್ಕಿಯನ್ನು ನೀರಿಗೆ ಎಸೆಯಬೇಡಿ, ಈ ನಂಬರಿಗೆ ಫೋನ್ ಮಾಡಿ ಎಂದು. ನಂಬರು ಯಾರದೆಂದು ನೀವು ತೀರ್ಮಾನಿಸಿ. ಆ ಇಬ್ಬರು ಹುಡುಗರು ಇನ್ನೊಮ್ಮೆ ಪೆಟ್ಟಿಗೆ ಹೊತ್ತು ಬಂದರೆ ನನ್ನಲ್ಲಿ ಹೇಳಲು ಏನಾದರೂ ಇರಬೇಕಷ್ಟೆ.

ಸೆಪ್ಟೆಂಬರಿನ ಎರಡನೇ ಶನಿವಾರ ಆದೀತು. ಕಡಲು ಅಷ್ಟರಲ್ಲಿ ಸ್ವಲ್ಪ ಇಳಿದಿರುತ್ತದೆ, ಕಚೇರಿಗಳಿಗೆ ರಜೆ, ನನ್ನ ಮೇಜಿಗೂ ರಜೆ. ಅರ್ಜಿಯ ನಕಲನ್ನು ಇದರ ಜೊತೆ ಲಗತ್ತಿಸಿದ್ದೇನೆ. ‘ಪ್ರಯಾಣದ ಉದ್ದೇಶ’ ಎಂಬ ಕಾಲಂನಲ್ಲಿ ಬೇರೆಯವರ ಅರ್ಜಿಯಾದರೆ ‘ಅಧ್ಯಯನ’ ಎಂದೋ ‘ಸಮೀಕ್ಷೆ’ ಎಂದೋ ತೂಕದ ಮಾತು ಬರೆಯುತ್ತಿದ್ದೆ. ನನ್ನದರಲ್ಲಿ ‘ಹಕ್ಕಿ ನೋಡಲು’ ಎಂದೇ ಬರೆದಿದ್ದೇನೆ.

ನಿಮ್ಮಲ್ಲಿ ಯಾರಾದರೂ ಬರುವುದಿದ್ದರೆ ಎರಡು ಸೀಟು ತೆಗೆದಿಟ್ಟಿರುತ್ತೇವೆ. ಬೆಳಗ್ಗೆ ಪುಟ್ಟು-ಕಡಲೆ ತಿನ್ನಬೇಡಿ. ನಿಂಬೆಹಣ್ಣು ನಾನು ತರುತ್ತೇನೆ.

ಇತಿ,
ಕಾಸರಗೋಡಿನ ಒಬ್ಬ ಅರ್ಜಿ ಬರಹಗಾರ